ಕೊಳವೆಬಾವಿಗೆ ತಕ್ಕ ಪಂಪು: ಅಳತೆಯಿಂದ ಇಂಪೆಲ್ಲರ್ ವಿನ್ಯಾಸದವರೆಗೆ

ಹೊಳಲ್ಕೆರೆ, ಹೊಸದುರ್ಗ, ಚನ್ನಗಿರಿ, ಜಗಳೂರು ಸೀಮೆಯ ತೋಟಗಳಲ್ಲಿ ಬೋರಿನ ನೀರು ಸಣ್ಣಗಾದ ಕೂಡಲೇ ಕೇಳಿಬರುವ ಸಲಹೆ ಸಾಮಾನ್ಯವಾಗಿ ಒಂದೇ: "ಮೋಟ್ರು ಸಣ್ಣದಾತು ಸ್ವಾಮಿ, ಹನ್ನೆರಡೂವರೆ ಇಳಿಸಿಬಿಡಾಣ." ಹತ್ತು ಎಚ್‌ಪಿಯಿಂದ ಹನ್ನೆರಡೂವರೆಗೆ, ಅಲ್ಲಿಂದ ಹದಿನೈದಕ್ಕೆ ಏರಿಸುತ್ತಾ ಹೋದರೂ ತೊಟ್ಟಿಗೆ ಬೀಳುವ ನೀರು ಆ ಪ್ರಮಾಣದಲ್ಲಿ ಏರುವುದಿಲ್ಲ. ಪಂಪು ಎಷ್ಟು ನೀರು ಎತ್ತುತ್ತದೆ ಎಂಬುದನ್ನು ಅಶ್ವಶಕ್ತಿಯೊಂದೇ ತೀರ್ಮಾನಿಸುವುದಿಲ್ಲ. ಬಾವಿ ಕೊಡುವ ನೀರು, ಎತ್ತಬೇಕಾದ ಎತ್ತರ, ಪೈಪಿನೊಳಗಿನ ಘರ್ಷಣೆ ಮತ್ತು ಪಂಪಿನ ಸ್ವಂತ ಗುಣ ಎಲ್ಲಿ ಸರಿಹೊಂದುತ್ತವೆಯೋ ಅದೇ ಜಾಗದಲ್ಲಿ ಪಂಪು ಓಡುತ್ತದೆ. ಆ ಜಾಗವನ್ನು ಕಾರ್ಯಬಿಂದು ಎನ್ನುತ್ತಾರೆ. ಒಳ್ಳೆಯ ಪಂಪನ್ನು ತಪ್ಪು ಕಾರ್ಯಬಿಂದುವಿನಲ್ಲಿ ಓಡಿಸಿದರೆ ಸಾಧಾರಣ ಪಂಪಿಗಿಂತ ಕೆಟ್ಟ ಫಲ ಸಿಗುತ್ತದೆ. ಕಾರ್ಯಬಿಂದುವನ್ನು ಕಂಡುಕೊಂಡು, ಅದಕ್ಕೆ ಪಂಪು ಹೊಂದಿಸಿ, ಸಾಧ್ಯವಿದ್ದವರು ಪಂಪನ್ನೇ ತಿದ್ದುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾಗಿರುವುದರಿಂದ ದಕ್ಷತೆಯ ಚಿಂತೆ ರೈತನಿಗೇಕೆ ಎಂದು ಕೇಳುವವರಿದ್ದಾರೆ. ಬಿಲ್ಲು ಬಾರದಿರಬಹುದು, ಆದರೆ ತ್ರೀ ಫೇಸ್ ಕರೆಂಟು ಇಡೀ ದಿನ ಇರುವುದಿಲ್ಲ. ಸಿಗುವ ಏಳು ಗಂಟೆಯಲ್ಲಿ ಎಷ್ಟು ಲೀಟರ್ ಮೇಲೆ ಬಂತು ಎಂಬುದೇ ತೋಟದ ಲೆಕ್ಕ. ಇದರ ಜೊತೆಗೆ, ಅನಗತ್ಯವಾಗಿ ಹೆಚ್ಚು ಆಂಪಿಯರ್ ಎಳೆಯುವ ಮೋಟರುಗಳು ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಸೇರಿದಾಗ ವೋಲ್ಟೇಜ್ ಕುಸಿದು, ಸುಟ್ಟ ವೈಂಡಿಂಗಿನ ಖರ್ಚು ಬಿಲ್ಲಿಗಿಂತ ದೊಡ್ಡದಾಗಿ ಬರುತ್ತದೆ.

ಬೇಕಾದ ನೀರು, ಬಾವಿ ಕೊಡುವ ನೀರು

ಲೆಕ್ಕವನ್ನು ತೋಟದಿಂದ ಆರಂಭಿಸಬೇಕು. ಅಡಿಕೆಗೆ 2.7 ಮೀಟರ್ ಚೌಕದ ಅಂತರವಿಟ್ಟರೆ ಎಕರೆಗೆ ಸುಮಾರು 550 ಮರಗಳಾಗುತ್ತವೆ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದು ಹಿಡಿದರೆ ಎಕರೆಗೆ 11,000 ಲೀಟರ್, ಆರು ಎಕರೆಗೆ 66,000 ಲೀಟರ್. ಸೋರಿಕೆ ಮತ್ತು ಫಿಲ್ಟರ್ ತೊಳೆಯುವುದಕ್ಕೆಂದು ಶೇಕಡ ಹತ್ತು ಸೇರಿಸಿ, ಏಳು ಗಂಟೆಗೆ ಹಂಚಿದರೆ ಸೆಕೆಂಡಿಗೆ 3 ಲೀಟರಿನ ಹತ್ತಿರ ಬರುತ್ತದೆ. ಈ ಲೇಖನದ ಉದಾಹರಣೆಗಳಿಗೆಲ್ಲ ಇದೇ 3 ಲೀಟರ್ ಆಧಾರ.

ಬಾವಿ ಅಷ್ಟು ಕೊಡುತ್ತದೆಯೇ? ಬೋರು ಕೊರೆಯುವಾಗ ರಿಗ್ಗಿನವರು ಇಂಚಿನ ಲೆಕ್ಕದಲ್ಲಿ ನೀರು ಹೇಳುತ್ತಾರೆ. 90 ಡಿಗ್ರಿ ಕೋನದ ವಿ-ನಾಚ್ ಹಲಗೆಯ (V ಆಕಾರದ ಕಚ್ಚು ಕತ್ತರಿಸಿದ ಹಲಗೆ) ಮೂಲೆಯಿಂದ ಮೇಲಕ್ಕೆ ನೀರು ಎಷ್ಟು ಇಂಚು ನಿಂತಿದೆ ಎಂಬುದೇ ಆ ಅಳತೆ. ಹರಿವು ಈ ಎತ್ತರದ ಎರಡೂವರೆ ಘಾತದಂತೆ ಏರುವುದರಿಂದ ಇಂಚುಗಳನ್ನು ನೇರವಾಗಿ ಕೂಡಿಸಿ ಗುಣಿಸಲು ಬರುವುದಿಲ್ಲ. ಒಂದು ಇಂಚು ನೀರೆಂದರೆ ಸೆಕೆಂಡಿಗೆ 0.14 ಲೀಟರ್, ಎರಡು ಇಂಚು 0.8 ಲೀಟರ್, ಮೂರು ಇಂಚು 2.2 ಲೀಟರ್, ನಾಲ್ಕು ಇಂಚು 4.5 ಲೀಟರ್. ಅಂದರೆ ಎರಡು ಇಂಚಿನ ಎರಡು ಬೋರು ಸೇರಿದರೂ ನಾಲ್ಕು ಇಂಚಿನ ಒಂದು ಬೋರಿನ ಅರ್ಧಕ್ಕೂ ಬಾರದು. ಪಾಲುದಾರರ ನಡುವಿನ ಎಷ್ಟೋ ಜಗಳಗಳ ಬೇರು ಈ ಲೆಕ್ಕದಲ್ಲಿದೆ ಎಂದು ನನಗೆ ಅನ್ನಿಸಿದ್ದುಂಟು.

ಇನ್ನೂ ಒಂದು ಎಚ್ಚರಿಕೆ ಬೇಕು. ಕಂಪ್ರೆಸರ್ ಗಾಳಿ ಬಿಟ್ಟಾಗ ಚಿಮ್ಮುವ ನೀರಿನಲ್ಲಿ ಕೊಳವೆಯಲ್ಲಿ ಮೊದಲೇ ನಿಂತಿದ್ದ ನೀರೂ ಸೇರಿರುತ್ತದೆ. ನಮ್ಮ ಭಾಗದ ಗ್ನೈಸ್, ಗ್ರಾನೈಟ್ ಮತ್ತು ಚಿತ್ರದುರ್ಗದ ಶಿಸ್ಟ್ ಕಲ್ಲಿನಲ್ಲಿ ನೀರು ಇರುವುದು ಬಿರುಕುಗಳಲ್ಲಿ. ನೀರಿನ ಮಟ್ಟ ಮುಖ್ಯ ಬಿರುಕಿಗಿಂತ ಕೆಳಗಿಳಿದ ಮೇಲೆ ಎಷ್ಟೇ ಜೋರಾಗಿ ಎಳೆದರೂ ಬಿರುಕಿನಿಂದ ಬರುವ ನೀರು ಹೆಚ್ಚುವುದಿಲ್ಲ; ಮಟ್ಟ ಮಾತ್ರ ಪಂಪಿನ ಬಾಯಿಯವರೆಗೆ ಜಾರಿ, ಪಂಪು ಗಾಳಿ ಕುಡಿಯಲಾರಂಭಿಸುತ್ತದೆ. ಆದ್ದರಿಂದ ಇರುವ ಪಂಪನ್ನೇ ಒಂದಿಡೀ ಪಾಳಿ ಓಡಿಸಿ, ಮಟ್ಟ ಎಲ್ಲಿ ನಿಲ್ಲುತ್ತದೆ ಎಂದು ನೋಡಿದ ಮೇಲೆಯೇ ಮುಂದಿನ ಹೆಜ್ಜೆಯಿಡಬೇಕು.

ಹರಿವು ಅಳೆಯಲು 200 ಲೀಟರಿನ ಡ್ರಮ್ಮು ಸಾಕು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಂತರೆ, ಸೆಕೆಂಡಿಗೆ 3 ಲೀಟರ್ ಬರುವ ಪೈಪು ಡ್ರಮ್ಮನ್ನು 67 ಸೆಕೆಂಡಿನಲ್ಲಿ ತುಂಬುತ್ತದೆ. ಪಂಪು ಚಾಲೂ ಆದ ತಕ್ಷಣ ಒಮ್ಮೆ, ಎರಡು ಗಂಟೆ ಓಡಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಈ ಎರಡರ ನಡುವಿನ ವ್ಯತ್ಯಾಸವೇ ಬಾವಿಯ ನಿಜವಾದ ಸ್ಥಿತಿಯನ್ನು ಹೇಳುತ್ತದೆ.

ಓಡುತ್ತಿರುವ ಬೋರಿನಲ್ಲಿ ನೀರಿನ ಮಟ್ಟ ತಿಳಿಯಲು ಗಾಳಿಕೊಳವೆಯ ಉಪಾಯ ಅಗ್ಗದ್ದು. ಪಂಪು ಇಳಿಸುವಾಗಲೇ ಅದರ ಜೊತೆ ಸಣ್ಣ ಪ್ಲಾಸ್ಟಿಕ್ ಕೊಳವೆಯೊಂದನ್ನು ಕಟ್ಟಿ ಇಳಿಸಿ, ಅದರ ಉದ್ದವನ್ನು ಬರೆದಿಟ್ಟುಕೊಳ್ಳಬೇಕು. ಮೇಲಿನ ತುದಿಗೆ ಸೈಕಲ್ ಪಂಪು ಮತ್ತು ಒತ್ತಡದ ಗೇಜು ಜೋಡಿಸಿ ಗಾಳಿ ತುಂಬಿದರೆ, ಕೊಳವೆಯೊಳಗಿನ ನೀರೆಲ್ಲ ಕೆಳಗಿನ ತುದಿಯಿಂದ ಹೊರಹೋದ ಬಳಿಕ ಮುಳ್ಳು ಏರದೆ ನಿಲ್ಲುತ್ತದೆ. ಮುಳ್ಳು ಚದರ ಸೆಂ.ಮೀ.ಗೆ 3 ಕೆ.ಜಿ. ತೋರಿಸಿತೆಂದರೆ ಕೊಳವೆಯ ತುದಿಯ ಮೇಲೆ 30 ಮೀಟರ್ ನೀರಿದೆ ಎಂದರ್ಥ. ಕೊಳವೆಯ ಉದ್ದದಿಂದ ಅದನ್ನು ಕಳೆದರೆ ನೆಲದಿಂದ ನೀರಿಗಿರುವ ಆಳ ಸಿಗುತ್ತದೆ. ಪಂಪು ಎತ್ತಿ ಇಳಿಸುವ ದೊಡ್ಡ ಖರ್ಚಿನ ನಡುವೆ ಈ ಕೊಳವೆಯ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಆದರೂ ಇದನ್ನು ಕಟ್ಟಿಸುವವರು ಕಡಿಮೆ.

ಹೆಡ್ಡಿನ ಲೆಕ್ಕ

ಹೆಡ್ಡು ಎಂದರೆ ಬೋರಿನ ಆಳವಲ್ಲ, ಪಂಪು ಇಳಿಸಿರುವ ಆಳವೂ ಅಲ್ಲ. ಪಂಪು ಓಡುವಾಗ ನೀರು ನಿಲ್ಲುವ ಮಟ್ಟದಿಂದ ನೀರು ಬೀಳುವ ಬಾಯಿಯವರೆಗಿನ ಎತ್ತರ ಮತ್ತು ದಾರಿಯಲ್ಲಿ ಘರ್ಷಣೆಯಿಂದ ಕಳೆದುಹೋಗುವ ಒತ್ತಡ, ಇವೆರಡರ ಮೊತ್ತ ಅದು. ಆರುನೂರು ಅಡಿ ಬೋರಿಗೆ ಆರುನೂರು ಅಡಿ ಹೆಡ್ಡಿನ ಪಂಪು ಕೊಳ್ಳುವುದು ಸಾಮಾನ್ಯ ರೂಢಿಯಾಗಿದ್ದು, ಮುಂದೆ ಹೇಳಲಿರುವ ಅರ್ಧದಷ್ಟು ತೊಂದರೆಗಳು ಅಲ್ಲಿಂದಲೇ ಹುಟ್ಟುತ್ತವೆ.

ಒಂದು ಲೆಕ್ಕ ಮಾಡೋಣ. ಪಂಪು 140 ಮೀಟರ್ ಆಳದಲ್ಲಿದೆ. ಸೆಕೆಂಡಿಗೆ 3 ಲೀಟರ್ ಎತ್ತುವಾಗ ನೀರು 110 ಮೀಟರಿನಲ್ಲಿ ನಿಲ್ಲುತ್ತದೆ. ತೋಟದ ಮೇಲ್ಭಾಗದ ತೊಟ್ಟಿ ಬೋರಿನ ಬಾಯಿಗಿಂತ 12 ಮೀಟರ್ ಎತ್ತರದಲ್ಲಿದ್ದು, ಅಲ್ಲಿಗೆ 400 ಮೀಟರ್ ಪೈಪ್‌ಲೈನ್ ಇದೆ. ಪೈಪೆಲ್ಲ ಒಳವ್ಯಾಸ 50 ಮಿ.ಮೀ. ಇರುವ ಪ್ಲಾಸ್ಟಿಕ್ ಪೈಪು. ಹೇಜನ್-ವಿಲಿಯಮ್ಸ್ ಸೂತ್ರದಲ್ಲಿ ನಯವಾದ ಪ್ಲಾಸ್ಟಿಕ್ಕಿಗೆ ಗುಣಾಂಕ 150 ಎಂದಿಟ್ಟರೆ ಪ್ರತಿ 100 ಮೀಟರಿಗೆ 4.6 ಮೀಟರ್ ಹೆಡ್ಡು ಘರ್ಷಣೆಗೆ ಹೋಗುತ್ತದೆ. ಬೋರಿನೊಳಗಿನ 140 ಮೀಟರಿಗೆ 6.4, ಹೊರಗಿನ 400 ಮೀಟರಿಗೆ 18.4, ಬೆಂಡು ವಾಲ್ವುಗಳಿಗೆ 3 ಎಂದು ಸೇರಿಸಿದರೆ ಒಟ್ಟು ಹೆಡ್ಡು 150 ಮೀಟರ್.

ನೀರಿಗೆ ಸೇರಬೇಕಾದ ಶಕ್ತಿಯನ್ನು ತಿಳಿಯಲು ಹರಿವನ್ನು ಲೀಟರಿನಲ್ಲೂ ಹೆಡ್ಡನ್ನು ಮೀಟರಿನಲ್ಲೂ ಇಟ್ಟು ಗುಣಿಸಿ, 9.81 ರಿಂದ ಮತ್ತೆ ಗುಣಿಸಿ, ಸಾವಿರದಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ: ಇಲ್ಲಿ 4.4 ಕಿಲೋವ್ಯಾಟ್. ಪಂಪಿನ ದಕ್ಷತೆ ಶೇ. 55 ಆಗಿದ್ದರೆ ಶಾಫ್ಟಿಗೆ 8 ಕಿಲೋವ್ಯಾಟ್, ಅಂದರೆ 10.8 ಎಚ್‌ಪಿ ಬೇಕು. ಮೋಟರಿನ ದಕ್ಷತೆ ಶೇ. 80 ಎಂದಾದರೆ ತಂತಿಯಿಂದ ಎಳೆಯುವುದು 10 ಕಿಲೋವ್ಯಾಟ್. 10 ಎಚ್‌ಪಿ ಮೋಟರು ಇಲ್ಲಿ ಸಾಲುವುದಿಲ್ಲ ಎಂದು ಹೇಳುವ ಮೆಕ್ಯಾನಿಕ್ಕಿನ ಮಾತು ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಆದರೆ ಹೊರಗಿನ 400 ಮೀಟರಿಗೆ ಒಳವ್ಯಾಸ 65 ಮಿ.ಮೀ. ಇರುವ ಪೈಪು ಹಾಕಿದರೆ ಏನಾಗುತ್ತದೆ? ಘರ್ಷಣೆ ವ್ಯಾಸದ ಸುಮಾರು ಐದನೆಯ ಘಾತದಂತೆ ಇಳಿಯುವುದರಿಂದ 18.4 ಮೀಟರಿದ್ದದ್ದು 5.1 ಮೀಟರಿಗೆ ಬರುತ್ತದೆ. ಒಟ್ಟು ಹೆಡ್ಡು 136.5 ಮೀಟರ್. ಇದೇ ಹೆಡ್ಡಿನಲ್ಲಿ ಶೇ. 60 ದಕ್ಷತೆಯ ಪಂಪು ಆರಿಸಿಕೊಂಡರೆ ಶಾಫ್ಟಿಗೆ ಬೇಕಾಗುವುದು 6.7 ಕಿಲೋವ್ಯಾಟ್, ಅಂದರೆ 9 ಎಚ್‌ಪಿ. ಅದೇ ನೀರು, ಅದೇ ತೊಟ್ಟಿ, ಆದರೆ 12.5 ಎಚ್‌ಪಿ ಬೇಕಾಗಿದ್ದಲ್ಲಿ 10 ಎಚ್‌ಪಿ ಸಾಕಾಯಿತು, ಉಚಿತ ವಿದ್ಯುತ್ತಿನ ಮಿತಿಯೊಳಗೂ ಉಳಿಯಿತು. ಮೋಟರು ದೊಡ್ಡದು ಮಾಡುವ ಹಣವನ್ನು ಪೈಪಿಗೆ ಹಾಕಿದ ಫಲವಿದು. ಇದರ ವಿರುದ್ಧ ದಿಕ್ಕಿನಲ್ಲಿ ಹೋಗಿ, ಹಳೆಯ 40 ಮಿ.ಮೀ. ಪೈಪಿಗೇ ಹೊಸ ಪಂಪನ್ನು ಜೋಡಿಸಿದರೆ 100 ಮೀಟರಿಗೆ 13.6 ಮೀಟರ್ ಹೆಡ್ಡು ಘರ್ಷಣೆಯಲ್ಲಿಯೇ ಮುಗಿಯುತ್ತದೆ. ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ ಒಂದರಿಂದ ಒಂದೂವರೆ ಮೀಟರಿನೊಳಗೆ ಇರುವಂತೆ ವ್ಯಾಸ ಆರಿಸಿದರೆ ಸಾಧಾರಣವಾಗಿ ದಾರಿ ತಪ್ಪುವುದಿಲ್ಲ. ಉದ್ದ ಹೆಚ್ಚಿದಷ್ಟೂ ವೇಗ ಕಡಿಮೆಯ ಕಡೆಗೇ ವಾಲುವುದು ಲೇಸು.

ತಂತಿಯೂ ಒಂದು ಪೈಪೇ. 150 ಮೀಟರ್ ಉದ್ದದ 4 ಚದರ ಮಿ.ಮೀ. ತಾಮ್ರದ ಕೇಬಲ್ಲಿನಲ್ಲಿ 17 ಆಂಪಿಯರ್ ಹರಿದರೆ ಸುಮಾರು 18 ವೋಲ್ಟ್ ದಾರಿಯಲ್ಲೇ ಉಳಿಯುತ್ತದೆ. ಸಂಜೆ ಲೈನಿನಲ್ಲಿಯೇ 350 ವೋಲ್ಟ್ ಇರುವಾಗ ಈ 18 ವೋಲ್ಟಿನ ನಷ್ಟ ಮೋಟರಿಗೆ ಭಾರವಾಗುತ್ತದೆ.

ಪಂಪಿನ ರೇಖೆಯನ್ನು ಓದುವುದು

ಪಂಪು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಗರಿಷ್ಠ ಹೆಡ್ಡು, ಗರಿಷ್ಠ ಹರಿವು ನೋಡಿ ತೀರ್ಮಾನಿಸಬಾರದು; ಆ ಎರಡೂ ಒಟ್ಟಿಗೆ ಎಂದೂ ಸಿಗುವುದಿಲ್ಲ. ಗರಿಷ್ಠ ಹೆಡ್ಡಿನಲ್ಲಿ ಹರಿವು ಸೊನ್ನೆ, ಗರಿಷ್ಠ ಹರಿವಿನಲ್ಲಿ ಹೆಡ್ಡು ಅತ್ಯಲ್ಪ. ತಯಾರಕರ ಹರಿವು-ಹೆಡ್ಡು ರೇಖೆಯನ್ನು ಕೇಳಿ ಪಡೆದು, ನಮ್ಮ 3 ಲೀಟರ್ ಮತ್ತು 136.5 ಮೀಟರಿನ ಬಿಂದು ಅದರ ಗರಿಷ್ಠ ದಕ್ಷತೆಯ ಬಿಂದುವಿನ ಸಮೀಪ ಬೀಳುತ್ತದೆಯೇ ಎಂದು ನೋಡಬೇಕು. ಐಎಸ್ 8034 ಎಂಬ ಭಾರತೀಯ ಮಾನಕದ ಗುರುತು ಮತ್ತು ಇಂಧನ ದಕ್ಷತಾ ಸಂಸ್ಥೆ ಬಿಇಇಯ ನಕ್ಷತ್ರಗಳು ಒಳ್ಳೆಯ ಸೂಚನೆಗಳೇ, ಆದರೆ ಐದು ನಕ್ಷತ್ರದ ಪಂಪೂ ತನ್ನ ಬಿಂದುವಿನಿಂದ ದೂರ ಓಡಿದರೆ ನಕ್ಷತ್ರಗಳಿಂದ ಪ್ರಯೋಜನವಿಲ್ಲ.

ಗರಿಷ್ಠ ದಕ್ಷತೆಯ ಬಿಂದುವಿನ ಎಡಕ್ಕೆ, ಅಂದರೆ ಕಡಿಮೆ ಹರಿವಿನಲ್ಲಿ ಓಡುವ ಪಂಪಿನೊಳಗೆ ನೀರು ಸುತ್ತಿ ಸುತ್ತಿ ಬಿಸಿಯಾಗುತ್ತದೆ, ಶಾಫ್ಟಿನ ಭಾರ ಹೊರುವ ಥ್ರಸ್ಟ್ ಬೇರಿಂಗಿನ ಮೇಲೆ ಕೆಳಮುಖ ಒತ್ತಡ ಹೆಚ್ಚುತ್ತದೆ. ಬಲಕ್ಕೆ ಹೋದರೆ ಇಂಪೆಲ್ಲರುಗಳು (ನೀರನ್ನು ಹೊರಕ್ಕೆ ತಳ್ಳುವ ರೆಕ್ಕೆಯ ಚಕ್ರಗಳು) ಮೇಲಕ್ಕೆ ತಳ್ಳಲ್ಪಟ್ಟು ಸವೆಯುತ್ತವೆ, ಮೋಟರು ಹೆಚ್ಚು ಕರೆಂಟು ಎಳೆಯುತ್ತದೆ. ಮುಂಗಾರು ಚೆನ್ನಾಗಿ ಆದ ವರ್ಷ ಸೆಪ್ಟೆಂಬರ್ ಹೊತ್ತಿಗೆ ಬೋರಿನ ಮಟ್ಟ ಮೇಲೆ ಬಂದು, "ನೀರು ಜಾಸ್ತಿ ಆತು, ಆದ್ರೂ ಸ್ಟಾರ್ಟರ್ ಟ್ರಿಪ್ ಆಗ್ತೈತಿ" ಎಂಬ ದೂರು ಬರುವುದು ಇದೇ ಕಾರಣಕ್ಕೆ. ಹೆಡ್ಡು ಇಳಿದಿದೆ, ಹರಿವು ಏರಿದೆ, ಅದರೊಂದಿಗೆ ಶಾಫ್ಟಿನ ಭಾರವೂ ಏರಿದೆ. ಓವರ್‌ಲೋಡ್ ರಿಲೇಯನ್ನು ಮೇಲಕ್ಕೆ ತಿರುಗಿಸುವುದು ಇದಕ್ಕೆ ಪರಿಹಾರವಲ್ಲ. ಬೋರಿನ ಬಾಯಿಯ ಗೇಟ್ ವಾಲ್ವನ್ನು ಸ್ವಲ್ಪ ಮುಚ್ಚಿ ಆಂಪಿಯರ್ ಹಿಂದಿನ ಮಟ್ಟಕ್ಕೆ ಬರುವಂತೆ ಮಾಡಬೇಕು. ವಾಲ್ವು ಬಿಗಿದು ಒತ್ತಡ ಹಾಳುಮಾಡುವುದನ್ನು ಬೇರೆ ಸಂದರ್ಭಗಳಲ್ಲಿ ನಾನು ಒಪ್ಪುವುದಿಲ್ಲ, ಇಲ್ಲಿ ಮಾತ್ರ ಒಪ್ಪುತ್ತೇನೆ.

ಹೆಡ್ಡು ಅಗತ್ಯಕ್ಕಿಂತ ಬಹಳ ಹೆಚ್ಚಿರುವ ಪಂಪನ್ನು ಈಗಾಗಲೇ ಕೊಂಡಿದ್ದರೆ ಒಂದೆರಡು ಸ್ಟೇಜುಗಳನ್ನು, ಅಂದರೆ ಒಂದರ ಮೇಲೊಂದು ಜೋಡಿಸಿದ ಇಂಪೆಲ್ಲರ್ ಹಂತಗಳನ್ನು, ಬಿಚ್ಚಿಸಬಹುದು. ಬಹುಹಂತದ ಪಂಪಿನಲ್ಲಿ ಹರಿವು ಎಲ್ಲ ಸ್ಟೇಜಿಗೂ ಒಂದೇ ಇರುತ್ತದೆ, ಹೆಡ್ಡು ಮಾತ್ರ ಸ್ಟೇಜಿನಿಂದ ಸ್ಟೇಜಿಗೆ ಕೂಡುತ್ತಾ ಹೋಗುತ್ತದೆ. ಹಾಗಾಗಿ ಸ್ಟೇಜು ಕಡಿಮೆ ಮಾಡಿದರೆ ದಕ್ಷತೆ ಕೆಡದೆ ಹೆಡ್ಡು ಮತ್ತು ಶಕ್ತಿ ಎರಡೂ ಇಳಿಯುತ್ತವೆ. ಒಂದೇ ಹಂತದ ನೆಲದ ಮೇಲಿನ ಪಂಪಾದರೆ ಲೇತಿನಲ್ಲಿ ಇಂಪೆಲ್ಲರಿನ ಹೊರವ್ಯಾಸ ಕೆತ್ತಿಸಬಹುದು. ಹೆಡ್ಡು ಸರಿಸುಮಾರು ವ್ಯಾಸದ ವರ್ಗದಂತೆ ಇಳಿಯುವುದರಿಂದ ಶೇ. 5ರಷ್ಟು ಕೆತ್ತಿದರೆ ಹೆಡ್ಡು ಶೇ. 10ರಷ್ಟು ಇಳಿಯುತ್ತದೆ. ಶೇ. 10–15ಕ್ಕಿಂತ ಹೆಚ್ಚು ಕೆತ್ತಿದರೆ ದಕ್ಷತೆ ಬೀಳುವುದರಿಂದ ಹಂತಹಂತವಾಗಿ ಕೆತ್ತಿಸಿ, ಪ್ರತಿಸಲ ಓಡಿಸಿ ನೋಡುವುದು ಒಳ್ಳೆಯದು. ಕೆತ್ತಿದ್ದನ್ನು ಮರಳಿ ಅಂಟಿಸಲಾಗುವುದಿಲ್ಲ.

ಇಂಪೆಲ್ಲರಿನ ವಿನ್ಯಾಸ

ಪಂಪು ತಯಾರಿಸುವ ಸಣ್ಣ ಘಟಕದವರಿಗೂ, ದಾವಣಗೆರೆ ಚಿತ್ರದುರ್ಗಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟಿಗೆ ಇಂಪೆಲ್ಲರ್ ಆರಿಸಿಕೊಳ್ಳುವ ವಿದ್ಯಾರ್ಥಿಗಳಿಗೂ ಈ ಭಾಗ. ವಿನ್ಯಾಸದ ಮೊದಲ ಸಂಖ್ಯೆ ವಿಶಿಷ್ಟ ವೇಗ; ಇಂಪೆಲ್ಲರಿನ ಆಕಾರ ಹೇಗಿರಬೇಕೆಂದು ಅದು ತೋರಿಸುತ್ತದೆ. ನಿಮಿಷದ ಸುತ್ತುಗಳನ್ನು ಹರಿವಿನ ವರ್ಗಮೂಲದಿಂದ ಗುಣಿಸಿ, ಹೆಡ್ಡಿನ ಮುಕ್ಕಾಲು ಘಾತದಿಂದ ಭಾಗಿಸಿದರೆ ಅದು ಸಿಗುತ್ತದೆ. ಇಲ್ಲಿ ಹರಿವು ಸೆಕೆಂಡಿಗೆ ಇಷ್ಟು ಘನಮೀಟರ್ ಎಂಬ ಲೆಕ್ಕದಲ್ಲಿರಬೇಕು. 2880 ಸುತ್ತಿನ ಮೋಟರಿನಿಂದ 136.5 ಮೀಟರನ್ನು ಒಂದೇ ಇಂಪೆಲ್ಲರಿನಲ್ಲಿ ಎತ್ತಲು ಹೊರಟರೆ ವಿಶಿಷ್ಟ ವೇಗ 4 ಬರುತ್ತದೆ. ಅಂಥ ಇಂಪೆಲ್ಲರು ಅಗಲವಾದ, ತೆಳುವಾದ ಬಿಲ್ಲೆಯಂತಿದ್ದು, ಶಕ್ತಿಯ ಬಹುಪಾಲು ಬಿಲ್ಲೆಯ ಪಕ್ಕಗಳು ನೀರನ್ನು ಉಜ್ಜುವುದರಲ್ಲೇ ವ್ಯಯವಾಗುತ್ತದೆ. ಈ ಉಜ್ಜುವಿಕೆ ವ್ಯಾಸದ ಐದನೆಯ ಘಾತದಂತೆ ಏರುತ್ತದೆ. ಇದರ ಮೇಲೆ, ಆರೂವರೆ ಇಂಚಿನ ಬೋರಿನೊಳಗೆ ಅಷ್ಟು ಅಗಲದ ಇಂಪೆಲ್ಲರು ಇಳಿಯುವುದೂ ಇಲ್ಲ. ಅದೇ ಹೆಡ್ಡನ್ನು 15 ಸ್ಟೇಜುಗಳಿಗೆ ಹಂಚಿ, ಸ್ಟೇಜಿಗೆ 9.1 ಮೀಟರ್ ಎಂದಿಟ್ಟರೆ ವಿಶಿಷ್ಟ ವೇಗ 30ಕ್ಕೆ ಏರಿ, ಕೇಂದ್ರಾಪಗಾಮಿ ಇಂಪೆಲ್ಲರಿಗೆ ಅನುಕೂಲವಾದ ವಲಯಕ್ಕೆ ಬರುತ್ತದೆ.

ಇನ್ನು ವ್ಯಾಸ. 90 ಮಿ.ಮೀ. ಎಂದು ಹಿಡಿದು ಪರೀಕ್ಷಿಸೋಣ. 2880 ಸುತ್ತಿನಲ್ಲಿ ಹೊರ ಅಂಚಿನ ವೇಗ ಸೆಕೆಂಡಿಗೆ 13.6 ಮೀಟರ್. ಹೊರಬಾಯಿಯ ಅಗಲ ಸುಮಾರು 9 ಮಿ.ಮೀ. ಇಟ್ಟು, ರೆಕ್ಕೆಗಳ ದಪ್ಪಕ್ಕೆ ಶೇ. 10ರಷ್ಟು ಜಾಗ ಕಳೆದರೆ, ಹೊರಮುಖವಾಗಿ ನೀರು ಚಲಿಸುವ ವೇಗ 1.34 ಮೀಟರ್. ರೆಕ್ಕೆಯ ಹೊರಕೋನ 25 ಡಿಗ್ರಿ, ಸುತ್ತುವ ದಿಕ್ಕಿಗೆ ವಿರುದ್ಧವಾಗಿ ಬಾಗಿದ ಆರು ರೆಕ್ಕೆಗಳು. ನೀರು ರೆಕ್ಕೆಯನ್ನು ಕರಾರುವಾಕ್ಕಾಗಿ ಅನುಸರಿಸಿದ್ದರೆ ಆಯ್ಲರ್ ಸಮೀಕರಣದ ಪ್ರಕಾರ 14.8 ಮೀಟರ್ ಹೆಡ್ಡು ಸಿಗಬೇಕು. ಆದರೆ ರೆಕ್ಕೆಗಳ ನಡುವಿನ ನೀರು ಹಿಂದಕ್ಕೆ ಜಾರುತ್ತದೆ. ವೈಸ್ನರ್ ಸೂತ್ರದಿಂದ ಈ ಜಾರುವಿಕೆಯನ್ನು ಲೆಕ್ಕಹಾಕಿದರೆ ಹೆಡ್ಡು 11.3 ಮೀಟರಿಗೆ ಇಳಿಯುತ್ತದೆ. ಒಳಗಿನ ಘರ್ಷಣೆ ಮತ್ತು ಸುಳಿಗಳಿಗೆ ಶೇ. 20 ಬಿಟ್ಟರೆ ಉಳಿಯುವುದು 9.1 ಮೀಟರ್. ಬೇಕಾಗಿದ್ದದ್ದು ಇಷ್ಟೇ.

ಹೆಡ್ಡು ಹೆಚ್ಚಲೆಂದು ರೆಕ್ಕೆಯ ಕೋನವನ್ನು 40 ಡಿಗ್ರಿಗೆ ಏರಿಸುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಕಾಗದದ ಮೇಲೆ ಹೆಡ್ಡು ಏರುವುದು ನಿಜ. ಆದರೆ ಇಂಪೆಲ್ಲರಿನಿಂದ ಹೊರಬರುವ ನೀರಿನ ವೇಗವೂ ಏರುತ್ತದೆ, ಆ ವೇಗವನ್ನು ಒತ್ತಡವಾಗಿ ಬದಲಿಸುವ ಕೆಲಸ ಡಿಫ್ಯೂಸರಿನ ಮೇಲೆ ಬೀಳುತ್ತದೆ, ನಷ್ಟವೂ ಅಲ್ಲಿಯೇ ಆಗುತ್ತದೆ. ಜೊತೆಗೆ ರೇಖೆ ಚಪ್ಪಟೆಯಾಗಿ, ಬೋರಿನ ಮಟ್ಟದಲ್ಲಿ ಸ್ವಲ್ಪ ಬದಲಾವಣೆಯಾದರೂ ಹರಿವು ಬಹಳವಾಗಿ ಏರಿಳಿಯುತ್ತದೆ. ನಮ್ಮ ಬೋರುಗಳ ಮಟ್ಟ ವರ್ಷದಲ್ಲಿ ಹತ್ತಾರು ಮೀಟರ್ ಏರಿಳಿಯುವುದರಿಂದ ಕಡಿದಾಗಿ ಇಳಿಯುವ ರೇಖೆಯೇ ಈ ಪ್ರದೇಶಕ್ಕೆ ಹೊಂದುತ್ತದೆ. ಗರಿಷ್ಠ ದಕ್ಷತೆಯಲ್ಲಿ ಒಂದೆರಡು ಅಂಶ ಬಿಟ್ಟುಕೊಟ್ಟಾದರೂ ಮಾರ್ಚಿನ ಮಟ್ಟ ಮತ್ತು ಅಕ್ಟೋಬರಿನ ಮಟ್ಟ ಎರಡರಲ್ಲೂ ಸಮಾಧಾನಕರವಾಗಿ ಓಡುವ ಇಂಪೆಲ್ಲರನ್ನು ನಾನು ಆರಿಸಿಕೊಳ್ಳುತ್ತೇನೆ.

ಕಂಪ್ಯೂಟರಿನಲ್ಲಿ ದ್ರವಚಲನೆಯ ಸಿಮ್ಯುಲೇಷನ್ ಮಾಡುವವರು ಗಮನಿಸಬೇಕಾದದ್ದೂ ಇದೇ. ಒಂದೇ ಬಿಂದುವಿನ ದಕ್ಷತೆಯನ್ನು ಗುರಿಯಾಗಿಟ್ಟು ರೆಕ್ಕೆಯನ್ನು ತಿದ್ದಿದರೆ ಪರದೆಯ ಮೇಲೆ ಸುಂದರವಾದ ಅಂಕಿ ಬರುತ್ತದೆ, ತೋಟದಲ್ಲಿ ಬರುವುದಿಲ್ಲ. ಕನಿಷ್ಠ ಮೂರು ಹರಿವುಗಳಲ್ಲಿ, ಉದಾಹರಣೆಗೆ 2.4, 3 ಮತ್ತು 3.6 ಲೀಟರಿನಲ್ಲಿ ಲೆಕ್ಕಹಾಕಿ, ಮೂರಕ್ಕೂ ತೂಕ ಕೊಟ್ಟು ಗುರಿ ನಿಗದಿಮಾಡಬೇಕು. ಬದಲಿಸುವ ಅಂಶಗಳು ಹೊರಕೋನ, ಹೊರಬಾಯಿಯ ಅಗಲ, ರೆಕ್ಕೆಗಳ ಸಂಖ್ಯೆ, ಒಳಬಾಯಿಯ ಕೋನ ಎಂಬ ನಾಲ್ಕಕ್ಕೆ ಸೀಮಿತವಾಗಿದ್ದರೆ ಸಾಕು. ಲೆಕ್ಕಕ್ಕಾಗಿ ನೀರಿನ ಜಾಗವನ್ನು ತುಂಡುಮಾಡುವ ಜಾಲರಿಯನ್ನು ಇನ್ನಷ್ಟು ಸಣ್ಣ ಮಾಡಿದಾಗಲೂ ಹೆಡ್ಡಿನ ಉತ್ತರ ಬದಲಾಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳದೆ ತಿದ್ದುಪಡಿಗೆ ಇಳಿಯಬಾರದು. ವೇರ್ ರಿಂಗಿನ (ಇಂಪೆಲ್ಲರಿನ ಕುತ್ತಿಗೆಯ ಸುತ್ತ ಕೂರುವ, ಸವೆದರೆ ಬದಲಿಸುವ ಬಳೆ) ಸಂದಿಯನ್ನು ಮಾದರಿಯಿಂದ ಬಿಟ್ಟುಬಿಡುವುದು ತುಂಬ ಸಾಮಾನ್ಯ. ಸಣ್ಣ ಪಂಪಿನಲ್ಲಿ ಸೋರಿಕೆಯ ಪಾಲು ದೊಡ್ಡದಾದ್ದರಿಂದ ಅದನ್ನು ಬಿಟ್ಟ ಲೆಕ್ಕ ದಕ್ಷತೆಯನ್ನು ಹಲವು ಅಂಶ ಹೆಚ್ಚು ತೋರಿಸುತ್ತದೆ. ಕೊನೆಗೆ ಎರಕ ಹೊಯ್ದ ಇಂಪೆಲ್ಲರನ್ನು ಪರೀಕ್ಷಾ ತೊಟ್ಟಿಯಲ್ಲಿ ಓಡಿಸಿ ನೋಡಲೇಬೇಕು.

ಮರಳು ಮತ್ತು ಸವೆತ

ಎರಡು ಮೂರು ವರ್ಷ ಓಡಿದ ಪಂಪನ್ನು ಎತ್ತಿ, ಟಾರ್ಪಾಲಿನ ಮೇಲೆ ಸ್ಟೇಜುಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡಿದರೆ ಸವೆತದ ಚರಿತ್ರೆ ತಾನೇ ಕಾಣುತ್ತದೆ. ಕೆಳಗಿನ ಸ್ಟೇಜುಗಳ ಒಳಬಾಯಿಯ ಅಂಚು ಬ್ಲೇಡಿನಂತೆ ತೆಳುವಾಗಿರುತ್ತದೆ, ರೆಕ್ಕೆಯ ತುದಿಗಳು ಕನ್ನಡಿಯಂತೆ ಹೊಳೆಯುತ್ತಿರುತ್ತವೆ, ಕುತ್ತಿಗೆಯ ಸುತ್ತ ಬೆರಳಿಗೆ ತಾಗುವಷ್ಟು ಗೀರು ಬಿದ್ದಿರುತ್ತದೆ. ಹೊಳಪು ನೋಡಿ ಇನ್ನೂ ಹೊಸದರಂತಿದೆ ಎಂದುಕೊಳ್ಳಬಾರದು. ಅದು ಮರಳು ತಿಕ್ಕಿದ ಹೊಳಪು. ಕುತ್ತಿಗೆಯ ಸಂದಿ ಕಾಲು ಮಿಲಿಮೀಟರ್ ಇದ್ದದ್ದು ಮುಕ್ಕಾಲಾಗಿದ್ದರೆ, ಎತ್ತಿದ ನೀರು ಹಿಂದಕ್ಕೆ ಸೋರುವ ಪ್ರಮಾಣ ಮೂರು ಪಟ್ಟಿಗೂ ಮಿಕ್ಕಿರುತ್ತದೆ. ಫೀಲರ್ ಗೇಜಿನಿಂದ ಈ ಸಂದಿಯನ್ನು ಅಳೆದು, ವೇರ್ ರಿಂಗುಗಳನ್ನು ಮಾತ್ರ ಬದಲಿಸಿದರೂ ಕಳೆದುಹೋದ ನೀರಿನ ಒಳ್ಳೆಯ ಪಾಲು ಮರಳಿ ಬರುತ್ತದೆ. ಮರಳು ಬರುವ ಬೋರಿನಲ್ಲಿ ಪಂಪನ್ನು ತಳಕ್ಕೆ ತೀರಾ ಹತ್ತಿರ ಇಳಿಸಬಾರದು. ಮುಖ್ಯ ಬಿರುಕು ಪಂಪಿಗಿಂತ ಮೇಲಿದ್ದರೆ ನೀರು ಮೇಲಿನಿಂದಲೇ ಪಂಪಿನ ಬಾಯಿಗೆ ಬಿದ್ದು, ಕೆಳಗಿರುವ ಮೋಟರಿಗೆ ತಂಪು ಸಿಗುವುದಿಲ್ಲ. ಅಂಥಲ್ಲಿ ಮೋಟರಿನ ಸುತ್ತ ಪೈಪಿನ ಕವಚ ತೊಡಿಸಿ, ನೀರು ಕೆಳಗಿನಿಂದ ಹಾದು ಬರುವಂತೆ ಮಾಡಬೇಕು.

ಹೊಳೆದಂಡೆಯ ಪಂಪುಗಳು, ಸೌರ ಪಂಪುಗಳು, ಬ್ಲೋವರುಗಳು

ಹರಿಹರ ಹೊನ್ನಾಳಿಗಳ ಕಡೆ ತುಂಗಭದ್ರೆಯ ದಂಡೆಯಲ್ಲಿ ಕೂರಿಸುವ ಪಂಪಿಗೆ ಸಕ್ಷನ್ (ನೀರು ಹೀರುವ) ಬದಿಯೇ ಮುಖ್ಯ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ನೆಲದಲ್ಲಿ ವಾತಾವರಣದ ಒತ್ತಡ 9.7 ಮೀಟರ್ ನೀರಿಗೆ ಸಮ. 30 ಡಿಗ್ರಿ ನೀರಿನ ಆವಿಯೊತ್ತಡಕ್ಕೆ 0.4 ಮೀಟರ್ ಹೋದರೆ ಕೈಯಲ್ಲಿ ಉಳಿಯುವುದು 9.3. ಪಂಪು ನೀರಿಗಿಂತ 5 ಮೀಟರ್ ಮೇಲಿದ್ದು, ಫುಟ್ ವಾಲ್ವು ಮತ್ತು ಸಕ್ಷನ್ ಪೈಪಿನಲ್ಲಿ 1 ಮೀಟರ್ ನಷ್ಟವಾದರೆ ಉಳಿದದ್ದು 3.3 ಮೀಟರ್. ಪಂಪಿಗೆ ಬೇಕಾದದ್ದೇ 3 ಮೀಟರ್ ಎಂದು ತಯಾರಕರು ಬರೆದಿದ್ದರೆ ಅಂತರ ಸಾಲದು. ಹೊಳೆ ಅರ್ಧ ಮೀಟರ್ ಇಳಿದರೂ ಒಳಗೆ ಗುಳ್ಳೆಗಳೆದ್ದು, ಜಲ್ಲಿ ಸುರಿದಂಥ ಸದ್ದು ಬಂದು, ಇಂಪೆಲ್ಲರಿನಲ್ಲಿ ಕುಳಿ ಬೀಳತೊಡಗುತ್ತದೆ. ಸಕ್ಷನ್ ಪೈಪನ್ನು ಡೆಲಿವರಿ ಪೈಪಿಗಿಂತ ಒಂದು ಅಳತೆ ದೊಡ್ಡದಾಗಿಟ್ಟು, ಪಂಪನ್ನು ಆದಷ್ಟು ಕೆಳಗೆ ಕೂರಿಸಬೇಕು.

ವೇಗ ಬದಲಿಸುವ ಡ್ರೈವಿನ ವಿಷಯದಲ್ಲಿ ಮಾರಾಟಗಾರರು ಘನ ನಿಯಮವನ್ನು ಮುಂದಿಡುತ್ತಾರೆ: ವೇಗ ಶೇ. 80ಕ್ಕೆ ಇಳಿದರೆ ಶಕ್ತಿ ಶೇ. 51ಕ್ಕೆ ಇಳಿಯುತ್ತದೆ. ಅಕ್ಕಿ ಗಿರಣಿಯ ಬ್ಲೋವರಿನಲ್ಲಿ ಇದು ಬಹುಮಟ್ಟಿಗೆ ನಿಜ, ಏಕೆಂದರೆ ಅಲ್ಲಿ ಎತ್ತಬೇಕಾದ ಎತ್ತರವಿಲ್ಲ, ಗಾಳಿಯ ಘರ್ಷಣೆ ಮಾತ್ರ ಇರುತ್ತದೆ. ಡ್ಯಾಂಪರ್ ಮುಚ್ಚಿ ಓಡಿಸುವ ಬ್ಲೋವರಿಗೆ ಡ್ರೈವು ಹಾಕಿದರೆ, ಅಥವಾ ಅಷ್ಟೂ ಬೇಡವೆಂದರೆ ಪುಲ್ಲಿ ಬದಲಿಸಿದರೆ ಉಳಿತಾಯ ಖಚಿತ. ಆಳದ ಬೋರಿನಲ್ಲಿ ಹಾಗಲ್ಲ. ನಮ್ಮ ಉದಾಹರಣೆಯಲ್ಲಿ 122 ಮೀಟರ್ ಬರೀ ಎತ್ತರವೇ ಇದೆ. ವಾಲ್ವು ಮುಚ್ಚಿದಾಗ 200 ಮೀಟರ್ ತೋರಿಸುವ ಪಂಪಿನ ವೇಗ ಶೇ. 78ಕ್ಕೆ ಇಳಿದರೆ ಅದರ ಹೆಡ್ಡು 122ಕ್ಕೆ ಬಂದು, ಮೋಟರು ತಿರುಗುತ್ತಿದ್ದರೂ ನೀರು ಮೇಲೆ ಬರುವುದಿಲ್ಲ. ಸೌರ ಪಂಪು ಹಾಕಿಸುವವರು ಇದನ್ನು ಮೊದಲೇ ತಿಳಿದಿರಬೇಕು: ಬಿಸಿಲು ಸುಮಾರು ಅರ್ಧಕ್ಕಿಳಿದರೆ ಆಳದ ಬೋರಿನ ನೀರು ಅರ್ಧವಾಗುವುದಿಲ್ಲ, ನಿಂತೇ ಹೋಗುತ್ತದೆ. ಪ್ಯಾನಲ್ಲುಗಳನ್ನು ಮೋಟರಿಗೆ ಬೇಕಾದದ್ದಕ್ಕಿಂತ ಹೆಚ್ಚಾಗಿಯೇ ಹಾಕಿಸುವುದು ಈ ಕಾರಣಕ್ಕೆ.

ದಾಖಲೆ ಇಡುವುದು

ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಒಂದು ಸಣ್ಣ ಪುಸ್ತಕವಿಟ್ಟು, ಪಂಪು ಇಳಿಸಿದ ದಿನವೇ ನಾಲ್ಕು ಅಂಕಿ ಬರೆಯಬೇಕು: ಡ್ರಮ್ಮು ತುಂಬಲು ಹಿಡಿದ ಸೆಕೆಂಡು, ಗಾಳಿಕೊಳವೆ ತೋರಿಸಿದ ಮಟ್ಟ, ಬೋರಿನ ಬಾಯಿಯ ಗೇಜಿನ ಒತ್ತಡ, ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ಫೇಸಿನ ಆಂಪಿಯರ್ ಮತ್ತು ವೋಲ್ಟೇಜ್. ಮುಂಗಾರಿನ ಮೊದಲು ಹಾಗೂ ನಂತರ ಇವನ್ನೇ ಮತ್ತೆ ಬರೆಯಬೇಕು. ನೀರು ಕಡಿಮೆಯಾಗಿ ಮಟ್ಟವೂ ಕೆಳಗಿಳಿದಿದ್ದರೆ ತೊಂದರೆ ಬಾವಿಯಲ್ಲಿದೆ, ಪಂಪು ಎತ್ತಿ ಫಲವಿಲ್ಲ. ಮಟ್ಟ ಹಾಗೆಯೇ ಇದ್ದು, ಗೇಜಿನ ಒತ್ತಡ ಏರಿದ್ದು, ನೀರು ಕಡಿಮೆಯಾಗಿದ್ದರೆ ಹೊರಗಿನ ಲೈನಿನಲ್ಲಿ ಅಥವಾ ಫಿಲ್ಟರಿನಲ್ಲಿ ಕಟ್ಟಿಕೊಂಡಿದೆ. ಮಟ್ಟವೂ ಅದೇ, ಒತ್ತಡ ಇಳಿದಿದೆ, ನೀರೂ ಇಳಿದಿದೆ ಎಂದಾದರೆ ಸ್ಟೇಜುಗಳು ಸವೆದಿವೆ ಅಥವಾ ಬೋರಿನೊಳಗಿನ ಪೈಪಿನ ಜಾಯಿಂಟು ಸೋರುತ್ತಿದೆ. ನೀರಿಗೆ ಸೇರಿದ ಕಿಲೋವ್ಯಾಟನ್ನು ತಂತಿಯಿಂದ ಎಳೆದ ಕಿಲೋವ್ಯಾಟಿನಿಂದ ಭಾಗಿಸಿದಾಗ ಒಳ್ಳೆಯ ಸೆಟ್ಟಿನಲ್ಲಿ ಶೇ. 40ರಿಂದ 50 ಬರುತ್ತದೆ, ಅದು ಶೇ. 30ಕ್ಕಿಂತ ಕೆಳಗಿಳಿದಿದ್ದರೆ ಮುಂದಿನ ಬೇಸಿಗೆಯವರೆಗೆ ಕಾಯದೆ, ತೋಟಕ್ಕೆ ನೀರಿನ ಅವಸರವಿಲ್ಲದ ಮಳೆಗಾಲದಲ್ಲೇ ಪಂಪನ್ನು ಎತ್ತಿಸಿಬಿಡಬೇಕು.